ಮಾವನ ಎಲೆಗೆ ಒಂದು ಪ್ಯಾಕೆಟ್ಟು ಸಿಗರೇಟು

ಸತ್ತವರು ಸಿಗರೇಟು ಸೇದುತ್ತಾರೆಯೇ? ಯೋಚಿಸಿ ಹೇಳಿ. ಸೇದುತ್ತಾರೆ ಎಂದರೆ ನೀವು ನನ್ನ ಗಂಡನ ಪಕ್ಷ, ಇಲ್ಲ ಎಂದರೆ ನನ್ನ ಪಕ್ಷ. ಎರಡೂ ಹೇಳದೆ ಬಾಯಿ ಮುಚ್ಚಿ ನಗುವವರಾದರೆ ನನ್ನ ಅತ್ತೆಯ ಪಕ್ಷ.

ಮೊನ್ನೆ ಫೋನಿನಲ್ಲಿ ನಮ್ಮ ಮನೆಮಂದಿಯ ಗುಂಪಿಗೆ ಒಂದು ಸುದ್ದಿ ಬಂತು. ಸಿಗರೇಟಿನ ಮೇಲೆ ಇನ್ನಷ್ಟು ತೆರಿಗೆ ಹಾಕಬೇಕಂತೆ. ಜನರ ಆರೋಗ್ಯವೂ ಸುಧಾರಿಸುತ್ತದಂತೆ, ಸರ್ಕಾರದ ಬೊಕ್ಕಸವೂ ತುಂಬುತ್ತದಂತೆ. ಕೆಳಗೆ ಸಾಲಾಗಿ ಕೈಮುಗಿದ ಚಿತ್ರ, ಹೆಬ್ಬೆರಳಿನ ಚಿತ್ರ. ನಾನು ಈಗಷ್ಟೇ ಫೋನಿನಲ್ಲಿ ಕನ್ನಡ ಒತ್ತಲು ಕಲಿತವಳು. ಒಂದೊಂದೇ ಅಕ್ಷರ ಹುಡುಕಿ, "ಎರಡೂ ಒಟ್ಟಿಗೆ ಹೇಗೆ?" ಎಂದು ಕೇಳಿದೆ. ಮೊಮ್ಮಗಳು ಮಾತ್ರ, "ಅಜ್ಜಿ, ನಿಮಗೆ ಎಲ್ಲದರ ಮೇಲೂ ಸಂಶಯ" ಎಂದು ಬರೆದಳು. ಹೌದು, ಸಂಶಯವೇ. ಅದು ನನಗೆ ಹುಟ್ಟಿನಿಂದ ಬಂದದ್ದಲ್ಲ. ಮದುವೆಯಾದ ಮೇಲೆ ಬಂದದ್ದು, ಅದೂ ಸಿಗರೇಟಿನಿಂದಲೇ.

ಅರವತ್ತರ ದಶಕ ಶುರುವಾಗಿ ಸ್ವಲ್ಪ ಕಾಲವಾಗಿತ್ತು. ಪೆರಾಬೆಯ ನನ್ನನ್ನು ಕಲ್ಲುಗುಂಡಿಗೆ ಕೊಟ್ಟಿದ್ದರು. ಮಡಿಕೇರಿಗೆ ಹತ್ತುವ ಬಸ್ಸುಗಳು ನೀರು ಹೊಯ್ಯಿಸಿಕೊಳ್ಳಲು ನಿಲ್ಲುತ್ತಿದ್ದ ಜಾಗ ಅದು. ರಸ್ತೆಗೆ ಮುಖ ಮಾಡಿ ಒಂದು ಹೋಟೆಲು, ಅದರ ಗೋಡೆಗೆ ತಾಗಿ ನಮ್ಮವರ ಹೊಲಿಗೆ ಅಂಗಡಿ, ಅಂಗಡಿಯ ಹಿಂದೆಯೇ ಮನೆ. ಮನೆಯಲ್ಲಿ ನಮ್ಮವರು, ಅತ್ತೆ, ನಾನು, ಇಷ್ಟೇ ಜನ. ಮಾವನನ್ನು ನಾನು ನೋಡಿಲ್ಲ. ನಾನು ಕಾಲಿಡುವ ಮೊದಲೇ ತೀರಿಕೊಂಡಿದ್ದರು. ಮಿಲಿಟ್ರಿಯಲ್ಲಿದ್ದು ಬಂದವರು. ಬರುವಾಗ ಒಂದು ಟ್ರಂಕು, ಒಂದು ಕಂಬಳಿ, ಮತ್ತೆ ಸಿಗರೇಟಿನ ಅಭ್ಯಾಸ ತಂದಿದ್ದರು. ಟ್ರಂಕು, ಕಂಬಳಿ ನಾನು ಬರುವಾಗಲೂ ಗಟ್ಟಿಯಾಗಿದ್ದವು. ಮಾವನದು ಮಾತ್ರ ಜಗಲಿಯ ಗೋಡೆಯಲ್ಲಿ ಫೋಟೊ, ಮಿಲಿಟ್ರಿ ಟೊಪ್ಪಿಯನ್ನು ಹುಬ್ಬಿನವರೆಗೆ ಎಳೆದುಕೊಂಡದ್ದು.

ಅವರು ಹೇಗೆ ಹೋದರೆಂದು ಅತ್ತೆ ನನಗೆ ಹೇಳಿದ್ದು ಒಂದೇ ಸಲ.

"ಕೆಮ್ಮಿ ಕೆಮ್ಮಿ ಹೋದ್ರು. ಕೊನೆಗೆ ಮಲಗ್ಲಿಕ್ಕೂ ಆಗ್ತಿರ್ಲಿಲ್ಲ, ಕೂತುಕೊಂಡೇ ನಿದ್ದೆ. ನಾನು ಬೆನ್ನು ಉಜ್ಜುದು, ಅವರು ಕೆಮ್ಮುದು. ಅಷ್ಟೇ."

ಆ ಕೆಮ್ಮು ನಮ್ಮವರಿಗೂ ಬಂದಿತ್ತು. ಹೊಲಿಗೆ ಯಂತ್ರ ತುಳಿಯುವಾಗ ಅವರ ತುಟಿಯ ಮೂಲೆಯಲ್ಲಿ ಯಾವಾಗಲೂ ಒಂದು ಸಿಗರೇಟು. ಕಿಡಿ ಉದುರಿ ಗಿರಾಕಿಯ ಬಟ್ಟೆ ತೂತಾದರೆ ಅಲ್ಲಿಗೊಂದು ಕಿಸೆ ಹೊಲಿದುಬಿಡುತ್ತಿದ್ದರು. ಕಲ್ಲುಗುಂಡಿಯ ಗಂಡಸರ ಅಂಗಿಗಳಲ್ಲಿ ಬೇಡದ ಕಡೆಯೆಲ್ಲ ಕಿಸೆ ಇದ್ದದ್ದು ಹಾಗೆ.

ನಾನು ಮೊದಲ ಬಸುರಿಯಾದಾಗ ನನ್ನನ್ನು ತೋರಿಸಲೆಂದು ಪುತ್ತೂರಿನ ಡಾಕ್ಟರ ಬಳಿಗೆ ಹೋದೆವು. ಡಾಕ್ಟರು ನನ್ನ ನಾಡಿ ಹಿಡಿದಿದ್ದರು. ಬದಿಯಲ್ಲಿ ಕೂತ ನಮ್ಮವರು ಕೆಮ್ಮಿದರು. ಡಾಕ್ಟರು ನನ್ನ ಕೈ ಬಿಟ್ಟು ಅವರನ್ನು ಕರೆದು ಎದೆಗೆ ಕೊಳವೆ ಇಟ್ಟರು. ಬಹಳ ಹೊತ್ತು ಕೇಳಿದರು.

"ನಿಮ್ಮ ತಂದೆಯ ಎದೆಯಲ್ಲಿ ಕೇಳಿದ ಶಬ್ದವೇ ಇಲ್ಲೂ ಉಂಟು. ಅವರು ನನ್ನ ಹತ್ರ ಬರುವಾಗ ತಡ ಆಗಿತ್ತು. ನಿಮಗೆ ಇನ್ನೂ ಆಗ್ಲಿಲ್ಲ. ಹುಟ್ಟುವ ಮಗು ನಿಮ್ಮನ್ನು ಅಪ್ಪ ಅಂತ ಕರೀಬೇಕಾದ್ರೆ ಇವತ್ತೇ ಸಿಗರೇಟು ಬಿಡಿ."

"ಬಿಡ್ತೇನೆ ಡಾಕ್ಟ್ರೆ," ಎಂದರು ನಮ್ಮವರು, ಬಾಯಿಪಾಠದ ಹಾಗೆ.

"ಎಲ್ಲರೂ ಹೇಳುದು ಇದನ್ನೇ. ಇದಕ್ಕೆ ನನ್ನ ಮದ್ದು ಸಾಕಾಗುದಿಲ್ಲ, ಸರ್ಕಾರವೇ ಮದ್ದು ಕೊಡ್ಬೇಕು. ಬಜೆಟ್ಟು ಬರ್ತದಲ್ಲ, ತೆರಿಗೆ ಚೆನ್ನಾಗಿ ಏರಿಸ್ಲಿ. ಜನ ಸೇದುದು ಬಿಡ್ತಾರೆ, ಸರ್ಕಾರಕ್ಕೂ ನಾಲ್ಕು ಕಾಸು ಆಗ್ತದೆ."

ನನಗೆ ಸುಮ್ಮನಿರಲಾಗಲಿಲ್ಲ. "ಎಲ್ಲರೂ ಬಿಟ್ರೆ ಸರ್ಕಾರಕ್ಕೆ ಕಾಸು ಎಲ್ಲಿಂದ ಡಾಕ್ಟ್ರೆ?"

ಅವರು ಕನ್ನಡಕದ ಮೇಲಿಂದ ನನ್ನನ್ನು ನೋಡಿದರು. "ಎಲ್ಲರೂ ಬಿಡುದಿಲ್ಲ ಅಮ್ಮ. ಅದೇ ಸರ್ಕಾರಕ್ಕೆ ಧೈರ್ಯ."

ಬಸ್ಸಿನಲ್ಲಿ ಸುಳ್ಯ ದಾಟುವವರೆಗೂ ನನ್ನ ತಲೆಯಲ್ಲಿ ಅದೇ ಮಾತು. ಹಾಗಾದರೆ ಸರ್ಕಾರಕ್ಕೆ ಬಿಡುವವರೂ ಬೇಕು, ಬಿಡದವರೂ ಬೇಕು. ಒಂದು ಕಣ್ಣು ನಮ್ಮ ಎದೆಯ ಮೇಲೆ, ಇನ್ನೊಂದು ಕಣ್ಣು ಎದೆಯ ಮೇಲಿನ ಕಿಸೆಯ ಮೇಲೆ. ನನ್ನ ಗಂಡನನ್ನು ಅದು ಯಾವ ಗುಂಪಿಗೆ ಸೇರಿಸಿಕೊಂಡಿದೆ? ಪಕ್ಕದಲ್ಲಿ ಅವರು ಕಿಟಕಿಯ ಕಡೆ ಮುಖ ಮಾಡಿ ಕಿಸೆ ಸವರಿಕೊಳ್ಳುತ್ತಿದ್ದರು.

ಫೆಬ್ರವರಿಯ ಕೊನೆಗೆ ಹೋಟೆಲಿನ ಗಾಜಿನ ಕಪಾಟಿನಿಂದ ಸಿಗರೇಟು ಮಾಯವಾಯಿತು. "ಸ್ಟಾಕ್ ಇಲ್ಲ ಮಾರಾಯ್ರೆ, ಮಂಗಳೂರಿಂದಲೇ ಬರ್ಲಿಲ್ಲ" ಎಂದು ಹೋಟೆಲಿನವರು ಎಲ್ಲರಿಗೂ ಕೈ ತಿರುಗಿಸಿದರು. ಸಂಜೆ ಅವರ ರೇಡಿಯೊದಲ್ಲಿ ಬಜೆಟ್ಟಿನ ಸುದ್ದಿ ಬಂತು. ತೆರಿಗೆ ಏರಿತ್ತು. ಮರುದಿನ ಮಂಗಳೂರಿನ ಬಸ್ಸು ಬರುವ ಮೊದಲೇ ಕಪಾಟು ತುಂಬಿತ್ತು, ಹೊಸ ಬೆಲೆಗೆ. ಹಾಲಿಗೆಂದು ಹೋದ ನಾನು ಬಗ್ಗಿ ನೋಡಿದೆ. ಪ್ಯಾಕೆಟ್ಟುಗಳ ಅಂಚಿನಲ್ಲೆಲ್ಲ ಅಕ್ಕಿಯ ತೌಡು. ಅವು ಎಲ್ಲಿ ಮಲಗಿ ಎದ್ದು ಬಂದವೆಂದು ಕೇಳಬೇಕಾಗಿರಲಿಲ್ಲ.

ಅಂದೇ ನಮ್ಮವರು ಹೋಟೆಲಿನ ಬೆಂಚಿನ ಎದುರು ನಿಂತು ಊರಿಗೇ ಕೇಳುವಂತೆ ಹೇಳಿದರು: "ಇವತ್ತಿನಿಂದ ನಾನು ಸಿಗರೇಟು ಕೊಂಡು ಸೇದಿದ್ರೆ ಕೇಳಿ! ನನ್ನ ಹೊಗೆಯಲ್ಲಿ ಸರ್ಕಾರ ದುಡ್ಡು ಮಾಡುದು ಬೇಡ."

ಬೆಂಚಿನವರು ಹೌದು ಹೌದೆಂದರು. ವಾರದೊಳಗೆ ಆ ಹೌದು ಹೌದಿನವರ ಕಿವಿಯ ಮೇಲೆಲ್ಲ ಬೀಡಿ ಬಂದು ಕೂತಿತ್ತು. ತೆರಿಗೆ ಏರಿದ್ದು ಸಿಗರೇಟಿಗೆ ತಾನೇ. ನಮ್ಮವರು ಬೀಡಿಯನ್ನೂ ಮುಟ್ಟಲಿಲ್ಲ, ಅಷ್ಟು ಮಾತ್ರ ಸತ್ಯ.

ಗೋಡೆಯ ಈಚೆಯಿಂದ ಮಗನ ಪ್ರತಿಜ್ಞೆ ಕೇಳಿಸಿಕೊಂಡ ಅತ್ತೆ ತೆಂಗಿನಕಾಯಿ ಹೆರೆಯುವುದನ್ನು ನಿಲ್ಲಿಸಲಿಲ್ಲ. "ಹೋಟೆಲಿನಲ್ಲಿ ಕೊಟ್ಟ ಮಾತು ಹೋಟೆಲಿನಲ್ಲೇ ಇರ್ತದೆ, ಮನೆಗೆ ಬರುದಿಲ್ಲ" ಎಂದರು.

ನಾನು ಪತ್ತೇದಾರಿಕೆ ಶುರುಮಾಡಿದೆ. ಒಗೆಯಲು ಹಾಕಿದ ಅಂಗಿಗಳನ್ನು ಮೂಸಿದೆ. ಕಿಸೆಯ ಮೂಲೆಗೆ ಬೆರಳು ಹಾಕಿ ತಂಬಾಕಿನ ಹುಡಿ ಏನಾದರೂ ಸಿಗುತ್ತದೆಯೇ ಎಂದು ತಡವಿದೆ. ಕಿಸೆಗಳೇನು ಕಡಿಮೆಯಿದ್ದವೇ? ಊಟಕ್ಕೆ ಕೂತಾಗ ಸಾರು ಬಡಿಸುವ ನೆವದಲ್ಲಿ ಅವರ ಬಾಯಿಯ ಹತ್ತಿರಕ್ಕೆ ಬಗ್ಗಿದೆ.

"ಎಂತ ನೀನು, ನಾಯಿಯ ಹಾಗೆ?"

"ಬಸುರಿಗೆ ಎಲ್ಲದರ ವಾಸನೆ ಬರ್ತದೆ, ಎಂತ ಮಾಡುದು?"

ವಾಸನೆ ಬರಲಿಲ್ಲ. ಕೆಮ್ಮೂ ಇಳಿಯುತ್ತ ಬಂತು. ನಮ್ಮವರು ಅಂಗಡಿಯಲ್ಲಿ ಎಲ್ಲರ ಮೇಲೆ ಸಿಡಿಮಿಡಿ ಮಾಡಿದರು, ಒಬ್ಬರ ಪಾಯಿಜಾಮದ ಒಂದು ಕಾಲನ್ನು ಗಿಡ್ಡ ಹೊಲಿದರು. ನನಗೆ ಖುಷಿಯೇ ಖುಷಿ. ತೆರಿಗೆ ಗೆದ್ದಿತೆಂದು ಹೆಚ್ಚುಕಡಿಮೆ ನಂಬಿದ್ದೆ.

ಮುಂದಿನದಕ್ಕೆ ನಮ್ಮ ಕಡೆಯ ಒಂದು ಕ್ರಮ ನಿಮಗೆ ಗೊತ್ತಿರಬೇಕು. ತೀರಿಹೋದ ಹಿರಿಯರಿಗೆ ನಾವು ಬಡಿಸುತ್ತೇವೆ. ಒಳಕೋಣೆಯಲ್ಲಿ ದೀಪ ಹಚ್ಚಿ, ಮಣೆಯ ಎದುರು ಬಾಳೆಯೆಲೆ ಹಾಕಿ, ಬದುಕಿದ್ದಾಗ ಅವರಿಗೆ ಏನು ಇಷ್ಟವೋ ಅದನ್ನೆಲ್ಲ ಇಡುವುದು. ಕೋಳಿಸಾರು, ರೊಟ್ಟಿ, ಒಂದು ಲೋಟ ಕಳ್ಳು, ಎಲೆಯಡಿಕೆ. ಇಟ್ಟು, ಬಾಗಿಲು ಹಾಕಿ, ಹೊರಗೆ ಕೈಮುಗಿದು ನಿಲ್ಲುವುದು. ಅವರು ಉಣ್ಣುವಷ್ಟು ಹೊತ್ತು ಕಾದ ಮೇಲೆ ಯಜಮಾನ ಬಾಗಿಲ ಬಳಿ ಒಮ್ಮೆ ಕೆಮ್ಮಬೇಕು, ಇದು ನಮ್ಮ ಮನೆಯ ಪದ್ಧತಿ. ನಾವು ಬರುತ್ತಿದ್ದೇವೆ, ನೀವು ಏಳಿ ಎಂದು ಸತ್ತವರಿಗೆ ತಿಳಿಸುವ ಮರ್ಯಾದೆ ಅದು. ಬಾಗಿಲು ತೆರೆದು, ಎಲೆಯಲ್ಲಿದ್ದದ್ದನ್ನು ಪ್ರಸಾದವೆಂದು ಮನೆಯವರು ಹಂಚಿಕೊಳ್ಳುವುದು. ಮೊದಲ ಪಾಲು ಯಜಮಾನನದು. ಬೇಡ ಎನ್ನುವಂತಿಲ್ಲ, ಬಿಸಾಡುವಂತೆಯೂ ಇಲ್ಲ. ಮಾವನ ಎಲೆಯ ಬದಿಗೆ ಒಂದು ಸಿಗರೇಟನ್ನೂ ಹೊತ್ತಿಸಿ ಇಡುತ್ತಿದ್ದರು. ಅದು ತನ್ನಷ್ಟಕ್ಕೆ ಉರಿದು ಬೂದಿಯಾಗುತ್ತಿತ್ತು. ಇದೆಲ್ಲ ವರ್ಷಕ್ಕೊಮ್ಮೆ, ಮಳೆಗಾಲದ ಆಟಿ ತಿಂಗಳಲ್ಲಿ.

ಬಜೆಟ್ಟಾಗಿ ಮೊದಲ ಸಂಕ್ರಮಣ ಹತ್ತಿರ ಬಂದಿತ್ತು. ಒಂದು ಬೆಳಿಗ್ಗೆ ಗಂಜಿಗೆ ಕೂತ ನಮ್ಮವರು ಕೈ ನಿಲ್ಲಿಸಿದರು.

"ಅವ್ವ, ಅಪ್ಪ ಕನಸಿನಲ್ಲಿ ಬಂದಿದ್ರು."

ಅತ್ತೆ ಒಲೆಯ ಬಳಿಯಿಂದ ತಿರುಗಿದರು. "ಎಂತ ಹೇಳಿದ್ರು?"

"ಮಾತಾಡ್ಲಿಲ್ಲ. ಬಾಗಿಲ ಹತ್ರ ನಿಂತು ಎರಡು ಬೆರಳು ಹೀಗೆ ತುಟಿಗೆ ಇಟ್ರು. ಆಟಿಯಿಂದ ಆಟಿಗೆ ಒಂದೇ ಒಂದು ಸಿಗರೇಟು ಕೊಡುದಲ್ವಾ ನಾವು? ಬದುಕಿದ್ದಾಗ ಹೇಗೆ ಸೇದ್ತಿದ್ರು, ಪಾಪ."

ಅತ್ತೆ ಸೆರಗಿನಿಂದ ಮುಖ ಒರಸಿಕೊಂಡರು. ನಾನು ನಮ್ಮವರ ಮುಖ ನೋಡಿದೆ. ಅವರು ಉಪ್ಪಿನಕಾಯಿಯನ್ನು ನೋಡುತ್ತಿದ್ದರು.

ಆಟಿಗೆ ಕಾಯದೆ, ಆ ಸಂಕ್ರಮಣದ ಸಂಜೆಯೇ ಬಡಿಸಿದೆವು. ಮಾವನ ಎಲೆಯ ಬದಿಗೆ ಒಂದಲ್ಲ, ಇಡೀ ಒಂದು ಪ್ಯಾಕೆಟ್ಟು ಬಂತು. ಒಂದನ್ನು ಹೊತ್ತಿಸಿಟ್ಟರು, ಉಳಿದವು ಪ್ಯಾಕೆಟ್ಟಿನಲ್ಲೇ. ಬಾಗಿಲು ಹಾಕಿದೆವು. ನಮ್ಮವರು ಕೆಮ್ಮಿದರು. ಬಾಗಿಲು ತೆರೆದೆವು. ಅತ್ತೆ ಎಲೆಯಡಿಕೆ ತೆಗೆದುಕೊಂಡರು, ನಾನು ರೊಟ್ಟಿ ತೆಗೆದುಕೊಂಡೆ, ಯಜಮಾನರು ಪ್ಯಾಕೆಟ್ಟು ಕಣ್ಣಿಗೊತ್ತಿಕೊಂಡು ಅಂಗಳಕ್ಕೆ ಇಳಿದರು. ನಾನು ಹಿಂದೆಯೇ ಹೋದೆ.

"ಮಾತು ಕೊಟ್ಟಿದ್ರಲ್ಲ?"

"ಕೊಂಡು ಸೇದುದಿಲ್ಲ ಅಂತ ಮಾತು ಕೊಟ್ಟದ್ದು. ಇದು ಪ್ರಸಾದ."

"ಕೊಂಡದ್ದು ಯಾರು?"

"ಅಪ್ಪನಿಗೆ ಕೊಂಡದ್ದು ನನಗೆ ಕೊಂಡದ್ದಾಗ್ತದಾ? ಪ್ರಸಾದ ಬಿಸಾಡ್ಲಿಕ್ಕೆ ಉಂಟಾ? ನಿಮ್ಮ ಪೆರಾಬೆಯಲ್ಲಿ ಬಿಸಾಡ್ತಾರಾ?"

ತವರಿನ ಸುದ್ದಿ ತೆಗೆದರೆ ಹೆಂಡತಿ ಸುಮ್ಮನಾಗುತ್ತಾಳೆಂದು ಗಂಡಸರಿಗೆ ಯಾರು ಕಲಿಸುತ್ತಾರೋ.

ಅಲ್ಲಿಂದ ಮಾವ ಕನಸಿಗೆ ಬರುವುದು ಹೆಚ್ಚಾಯಿತು. ತಿಂಗಳ ಸಂಕ್ರಮಣ ಸಾಲದೆ ಅಮಾವಾಸ್ಯೆಗೂ ಬೇಕೆಂದರಂತೆ. ಏಪ್ರಿಲಿನ ವಿಷು ಹಬ್ಬಕ್ಕೆ ದೊಡ್ಡ ಪ್ಯಾಕೆಟ್ಟೇ ಬೇಕೆಂದರಂತೆ. ಆಮೇಲೆ ಮಂಗಳವಾರಗಳಂದು ಕೋಳಿ, ಕಳ್ಳು ಏನೂ ಬೇಡ, ಬರಿಯ ದೀಪ ಮತ್ತು ಸಿಗರೇಟು ಸಾಕೆಂದರಂತೆ. ಎಷ್ಟು ಸರಳ ಮನುಷ್ಯರು ನೋಡಿ. ಕೆಮ್ಮು ತಿರುಗಿ ಬಂತು. ಒಂದು ಬೆಳಿಗ್ಗೆ ಹಾಲು ಅಳೆದು ಕೊಡುತ್ತ ಹೋಟೆಲಿನವರು ನಕ್ಕರು.

"ಅಕ್ಕ, ಬೆಲೆ ಏರಿದ ಮೇಲೆ ನನ್ನ ಗಿರಾಕಿಗಳೆಲ್ಲ ಬೀಡಿಗೆ ಹೋದ್ರು. ಗಟ್ಟಿ ನಿಂತದ್ದು ನಿಮ್ಮ ಮಾವ ಒಬ್ಬರೇ. ಬದುಕಿದ್ದವರಲ್ಲಿ ಅಂಥ ಗಿರಾಕಿ ಇಲ್ಲ ಮಾರಾಯ್ತಿ!"

ಪುತ್ತೂರಿನ ಡಾಕ್ಟರ ಮಾತು ಆಗ ನನಗೆ ಅರ್ಥವಾಯಿತು. ಎಲ್ಲರೂ ಬಿಡುವುದಿಲ್ಲ ಎಂಬ ಸರ್ಕಾರದ ಧೈರ್ಯ ಸುಳ್ಳಲ್ಲ. ಸತ್ತವರೂ ಬಿಡುವುದಿಲ್ಲ. ಕಲ್ಲುಗುಂಡಿಯಲ್ಲಿ ಚಿತೆಯಲ್ಲಿ ಸುಟ್ಟು ಬೂದಿಯಾದ ಮೇಲೂ ದಿಲ್ಲಿಗೆ ತೆರಿಗೆ ಕಟ್ಟಿದವರು ನನ್ನ ಮಾವ ಒಬ್ಬರೇ ಇರಬೇಕು.

ಅತ್ತೆಗೆ ಹೇಳಿ ನೋಡಿದೆ. "ಅತ್ತೆ, ಮಾವ ಇಷ್ಟೆಲ್ಲ ಕೇಳ್ತಾರಾ?"

"ಸತ್ತವರ ಆಸೆಗೆ ಎದುರು ಮಾತಾಡ್ಬಾರ್ದು ಹೆಣ್ಣೇ."

ಹಾಗೆಂದು ಬೀನ್ಸಿನ ನಾರು ತೆಗೆಯುತ್ತ ಕೂತರು. ಅವರ ಮೇಲೂ ನನಗೆ ಸಂಶಯ ಬಂತು. ಇವರು ನಂಬಿದ್ದಾರೋ, ನಂಬಿದವರ ಹಾಗೆ ಮಾಡುತ್ತಿದ್ದಾರೋ? ಮಗನ ಆಸೆಗೆ ಗಂಡನ ಹೆಸರಿನಲ್ಲಿ ದೀಪ ಹಚ್ಚುತ್ತಿದ್ದಾರೋ? ಅವರ ಮುಖದಿಂದ ಏನನ್ನೂ ತಿಳಿಯಲಾಗುತ್ತಿರಲಿಲ್ಲ.

ಮೇ ತಿಂಗಳ ಅಮಾವಾಸ್ಯೆಯ ಸಂಜೆ. ಬಡಿಸಿ ಬಾಗಿಲು ಹಾಕಿದ್ದೆವು. ಹೊತ್ತಾಯಿತೆಂದು ಅತ್ತೆ ಕಣ್ಸನ್ನೆ ಮಾಡಿದರು. ನಮ್ಮವರು ಬಾಗಿಲ ಬಳಿ ಹೋಗಿ ಕೆಮ್ಮಿದರು. ಒಂದು ಕೆಮ್ಮಿನಲ್ಲಿ ಮುಗಿಯಬೇಕಾದದ್ದು ಮುಗಿಯಲಿಲ್ಲ. ಇನ್ನೊಂದು ಬಂತು, ಅದರ ಬೆನ್ನಿಗೆ ಮತ್ತೊಂದು. ಬಾಗಿಲ ದಾರಂದ ಹಿಡಿದುಕೊಂಡರು. ಹಾಗೆಯೇ ಜಾರಿ ಹೊಸ್ತಿಲ ಮೇಲೆ ಕೂತರು. ಮುಖ ಕೆಂಪಾಗಿ, ಕುತ್ತಿಗೆಯ ನರ ಎದ್ದು, ಉಸಿರಿಗೆ ಬಾಯಿ ತೆರೆದರು. ನನ್ನ ಹೊಟ್ಟೆಯೊಳಗೆ ಮಗು ಒದೆಯಿತು. ನಾನು ನೀರಿಗೆ ಓಡಿದೆ. ತಿರುಗಿ ಬರುವಾಗ ಅತ್ತೆ ಮಗನ ಹಿಂದೆ ಕೂತು ಅವರ ಬೆನ್ನು ಉಜ್ಜುತ್ತಿದ್ದರು. ಕೈ ತನ್ನಷ್ಟಕ್ಕೆ ಮೇಲೆ ಕೆಳಗೆ ಹೋಗುತ್ತಿತ್ತು. ಕಣ್ಣು ಮಾತ್ರ ಮುಚ್ಚಿದ ಬಾಗಿಲಲ್ಲಿತ್ತು. ಆ ಬಾಗಿಲನ್ನು ಅಂದು ತೆರೆದದ್ದು ನಾನು. ಎಲೆಯ ಬದಿಗೆ ಸಿಗರೇಟು ಸಂಪೂರ್ಣ ಉರಿದು ಹೋಗಿತ್ತು.

ಮರುದಿನ ಬೆಳಿಗ್ಗೆ ನಮ್ಮವರು ಅಂಗಡಿಗೆ ಹೋದದ್ದೇ ನಾನು ಅತ್ತೆಯ ಎದುರು ಕೂತೆ. ಗಂಡನಿಗೆ ಬರುವ ಕನಸು ಹೆಂಡತಿಗೆ ಬರಬಾರದೆಂದು ಕಾನೂನು ಇದೆಯೇ?

"ಅತ್ತೆ, ನನಗೂ ಮಾವ ಕನಸಿನಲ್ಲಿ ಬಂದ್ರು."

ಅತ್ತೆ ತಲೆಯೆತ್ತಿದರು. "ಎಂತ ಹೇಳಿದ್ರು?"

"ನನಗೆ ಸಿಗರೇಟು ಸಾಕು, ನಾನು ಬಿಟ್ಟೆ. ಇನ್ನು ಇಡ್ಬೇಡಿ ಅಂತ ಹೇಳು ಅಂದ್ರು."

"ನೀನು ಅವರನ್ನು ನೋಡಿದವಳಲ್ಲ. ಮಾವ ಅಂತ ಹೇಗೆ ಗೊತ್ತಾಯ್ತು?"

"ಫೋಟೊ ಉಂಟಲ್ಲ."

"ಟೊಪ್ಪಿ ಇತ್ತಾ?"

ಟೊಪ್ಪಿ ಎಂದರೆ ಫೋಟೊದಿಂದ ಕದ್ದದ್ದೆಂದು ತಿಳಿಯುತ್ತದೆ. ನಾನೇನು ಅಷ್ಟು ಪೆದ್ದಿಯೇ? "ಇರ್ಲಿಲ್ಲ ಅತ್ತೆ. ಎಣ್ಣೆ ಹಾಕಿ, ಎಡಕ್ಕೆ ಬೈತಲೆ ತೆಗೆದು ಚಂದ ಬಾಚಿದ್ರು."

ಅತ್ತೆ ನನ್ನನ್ನು ನೋಡಿದರು. "ಹಾಗಾ?" ಎಂದರು. ಎದ್ದು ಕತ್ತಿ ಹಿಡಿದು ಹಿತ್ತಿಲಿಗೆ ಹೋದರು.

ಮುಂದಿನ ಸಂಕ್ರಮಣಕ್ಕೆ ಅತ್ತೆ ಯಾರನ್ನೂ ಒಳಕೋಣೆಗೆ ಬಿಡದೆ ತಾವೇ ಬಡಿಸಿದರು. ನಮ್ಮವರು ಇಣುಕಿ ನೋಡಿದರು. ಎಲೆಯಲ್ಲಿ ಗಂಜಿ, ಒಂದು ಚೂರು ಉಪ್ಪಿನಕಾಯಿ. ಎಲೆಯ ಬದಿಗೆ ಕಂಚಿನ ಲೋಟದಲ್ಲಿ ಹಸಿರು ಕಪ್ಪಿನ ಬಿಸಿ ಬಿಸಿ ಕಷಾಯ. ಹಿತ್ತಿಲಿನ ಆಡುಸೋಗೆಯದು, ಕೆಮ್ಮಿನ ಮದ್ದು. ಅದರ ಕಹಿ ತಿಳಿದವರಿಗೆ ಹೆಸರು ಹೇಳಿದರೇ ಬಾಯಿ ಒಣಗುತ್ತದೆ.

"ಅವ್ವ, ಸಿಗರೇಟು ಎಲ್ಲಿ?"

"ಕೊನೆಕೊನೆಗೆ ನಿನ್ನ ಅಪ್ಪ ಕೇಳ್ತಿದ್ದುದು ಸಿಗರೇಟು ಅಲ್ಲ ಮಗ, ಈ ಕಷಾಯ. ಅದು ನಿನ್ನ ಕನಸಿಗೆ ಬರ್ಲಿಲ್ಲ, ಅಲ್ವಾ? ನಿನ್ನ ಹೆಂಡತಿಗೆ ಬಂದು 'ಬಿಟ್ಟೆ' ಅಂತ ಹೇಳಿ ಹೋದ್ರಂತೆ."

ನಮ್ಮವರು ನನ್ನ ಕಡೆ ತಿರುಗಿದರು. ಅಂದು ಉಪ್ಪಿನಕಾಯಿ ನೋಡುವ ಸರದಿ ನನ್ನದು.

ಬಾಗಿಲು ಹಾಕಿ, ಕಾದು, ಕೆಮ್ಮಿ, ತೆರೆದೆವು. ಅತ್ತೆ ಲೋಟವನ್ನು ಎರಡೂ ಕೈಯಲ್ಲಿ ತಂದು ಮಗನ ಮುಂದೆ ಹಿಡಿದರು.

"ಯಜಮಾನನ ಪಾಲು. ಪ್ರಸಾದ ಬಿಸಾಡ್ಲಿಕ್ಕೆ ಉಂಟಾ?"

ಅವರು ಲೋಟ ಹಿಡಿದು, ಮೂಸಿ, ಮುಖ ಕಿವುಚಿದರು. ಆಗ ಅತ್ತೆ ಬಹಳ ಮೆಲ್ಲಗೆ ಹೇಳಿದರು: "ಒಬ್ಬರ ಬೆನ್ನು ಉಜ್ಜಿ ಕಳಿಸಿದ ಕೈ ಇದು ಮಗ. ಇನ್ನೊಬ್ಬನನ್ನು ಕಳಿಸ್ಲಿಕ್ಕೆ ನನ್ನ ಹತ್ರ ಆಗುದಿಲ್ಲ."

ನಮ್ಮವರು ಕುಡಿದರು. ಕಣ್ಣಲ್ಲಿ ನೀರು ಬಂತು. ಕಹಿಗೋ ಬೇರೆ ಏನಕ್ಕೋ, ನಾನು ಕೇಳಲಿಲ್ಲ. ಅಮಾವಾಸ್ಯೆಗೂ ಕಷಾಯ, ಮಂಗಳವಾರವೂ ಕಷಾಯ. ತಾವೇ ಹೆಚ್ಚಿಸಿಕೊಂಡ ಬಡಿಸುವ ದಿನಗಳನ್ನು ಕಡಿಮೆ ಮಾಡಲು ಅವರಿಗೆ ಬಾಯಿ ಇರಲಿಲ್ಲ. ಮಾವ ಮತ್ತೆ ಅವರ ಕನಸಿಗೆ ಬರಲಿಲ್ಲ. ಹೋಟೆಲಿನವರು ತಮ್ಮ ಕೊನೆಯ ಗಟ್ಟಿ ಗಿರಾಕಿಯನ್ನು ಕಳೆದುಕೊಂಡರು. ಕೆಮ್ಮು ನಿಧಾನಕ್ಕೆ, ಬಹಳ ನಿಧಾನಕ್ಕೆ ಇಳಿಯಿತು. ನಾನು ಮಾತ್ರ ಅವರ ಅಂಗಿ ಮೂಸುವುದನ್ನು ಅವರು ಮುದುಕರಾದ ಮೇಲೂ ಬಿಡಲಿಲ್ಲ. ಒಮ್ಮೆ ಹತ್ತಿದ ಸಂಶಯವನ್ನು ಯಾವ ತೆರಿಗೆ ಬಿಡಿಸುತ್ತದೆ?

ಮಳೆಗಾಲದಲ್ಲಿ ಮಗಳು ಹುಟ್ಟಿದಳು. ಮರುವರ್ಷ ಒಂದು ಮಧ್ಯಾಹ್ನ ಹೊಲಿಗೆ ಯಂತ್ರದ ಕಾಲು ಹಿಡಿದು ನಿಂತು "ಅಪ್ಪ" ಎಂದಳು. ನಮ್ಮವರು ಯಂತ್ರ ನಿಲ್ಲಿಸಿ ಅವಳನ್ನು ಎತ್ತಿಕೊಂಡರು. ನಾನು ಒಳಗೆ ಓಡಿ ಅತ್ತೆಗೆ ಹೇಳಿದೆ, ಎದೆಯುಬ್ಬಿಸಿಕೊಂಡೇ ಹೇಳಿದೆ: "ನೋಡಿದ್ರಾ ಅತ್ತೆ, ಡಾಕ್ಟ್ರಿಂದ ಆಗ್ಲಿಲ್ಲ, ಸರ್ಕಾರದ ತೆರಿಗೆಯಿಂದ ಆಗ್ಲಿಲ್ಲ. ನನ್ನ ಕನಸಿನಿಂದ ಆಯ್ತು!"

ಅತ್ತೆ ಬಾಯಿಯ ಎಲೆಯಡಿಕೆಯನ್ನು ಒಂದು ದವಡೆಗೆ ಸರಿಸಿದರು.

"ನಿನ್ನ ಕನಸಿಗೆ ಬಂದದ್ದು ಯಾರ ಮಾವ ಮಾರಾಯ್ತಿ? ನನ್ನ ಗಂಡನದ್ದು ಮದುವೆಯ ದಿನವೇ ಬೋಳುತಲೆ. ಮತ್ತೆ, ಬದುಕಿದ್ದಾಗ ನಾನು ಕಾಲು ಹಿಡಿದ್ರೂ ಬಿಡದ ಮನುಷ್ಯ, ಸತ್ತ ಮೇಲೆ ಮುಖ ನೋಡದ ಸೊಸೆಯ ಕನಸಿಗೆ ಬಂದು ಬಿಟ್ರಾ?"